ತೊಳೆದ ಮೇಲೆ ಗಿಡ್ಡವಾಗಿ ತಿರುಚಿಕೊಳ್ಳುವ ಟೀ-ಶರ್ಟ್ ಬಟ್ಟೆ: ಕಾರಣವೇನು, ತಡೆಯುವುದು ಹೇಗೆ?

ಪ್ರಶ್ನೆ: ತೀರ್ಥಹಳ್ಳಿಯ ಹೊಲಿಗೆ ಘಟಕದಿಂದ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಲ್ಲಿ ನಾವು ಆರು ಮಂದಿ ಹೆಣ್ಣುಮಕ್ಕಳು ಸೇರಿ ಒಂದು ಸಣ್ಣ ಹೊಲಿಗೆ ಘಟಕ ನಡೆಸುತ್ತಿದ್ದೇವೆ. ಮೊದಲು ರವಿಕೆ ಮತ್ತು ಶಾಲಾ ಸಮವಸ್ತ್ರಗಳನ್ನು ಮಾತ್ರ ಹೊಲಿಯುತ್ತಿದ್ದೆವು. ಕಳೆದ ವರ್ಷದಿಂದ ಶಾಲೆಗಳ ಕ್ರೀಡಾಕೂಟಕ್ಕೆ ಬೇಕಾಗುವ ಟೀ-ಶರ್ಟ್‌ಗಳನ್ನೂ ಹೊಲಿಯಲು ತೊಡಗಿದ್ದೇವೆ. ಬಟ್ಟೆಯನ್ನು ತಿರುಪ್ಪೂರಿನಿಂದ ತರಿಸುತ್ತೇವೆ. ಅದು 30ರ ನಂಬರಿನ (ನೂಲು ಎಷ್ಟು ಸಪೂರ ಎಂಬುದರ ಅಳತೆ) ಶುದ್ಧ ಹತ್ತಿ ನೂಲಿನ ಸಿಂಗಲ್ ಜೆರ್ಸಿ, ಅಂದರೆ ಒಂದೇ ಪದರದ ಹೆಣೆದ ಬಟ್ಟೆ.

ಈ ಸಲ 240 ಟೀ-ಶರ್ಟ್ ಹೊಲಿದೆವು. ಅರ್ಧದಷ್ಟನ್ನು ಕೊಟ್ಟು ಹದಿನೈದು ದಿನ ಆಗುವಷ್ಟರಲ್ಲಿ ಒಬ್ಬ ತಾಯಿ ಮಗನ ಟೀ-ಶರ್ಟ್ ಹಿಡಿದುಕೊಂಡು ಬಂದರು. ಜಗಲಿಯ ಮೇಲೆ ಹಾಸಿ ನೋಡಿದರೆ, 70 ಸೆಂ.ಮೀ. ಉದ್ದಕ್ಕೆ ಹೊಲಿದದ್ದು ಮೂರು ತೊಳೆತದಲ್ಲಿ 64.5 ಸೆಂ.ಮೀ.ಗೆ ಇಳಿದಿತ್ತು. ಎದೆಯ ಅಗಲ ಮಾತ್ರ 50ರಿಂದ 49ಕ್ಕೆ ಬಂದಿತ್ತು, ಅಷ್ಟೆ. ಅದಕ್ಕಿಂತ ಹೆಚ್ಚು ಬೇಸರವಾದದ್ದು ಬದಿಯ ಹೊಲಿಗೆಯನ್ನು ನೋಡಿದಾಗ. ಕಂಕುಳಿನಿಂದ ನೇರವಾಗಿ ಇಳಿಯಬೇಕಾದ ಹೊಲಿಗೆ ಕೆಳಗಿನ ಅಂಚಿಗೆ ಬರುವಾಗ 6 ಸೆಂ.ಮೀ.ನಷ್ಟು ಹೊಟ್ಟೆಯ ಕಡೆಗೆ ತಿರುಗಿತ್ತು. ಸಮವಸ್ತ್ರದ ನೇಯ್ಗೆ ಬಟ್ಟೆಯಲ್ಲಿ ನಾವು ಇಂಥದ್ದನ್ನು ಎಂದೂ ಕಂಡವರಲ್ಲ. ಬಟ್ಟೆ ಕೊಟ್ಟವರನ್ನು ಕೇಳಿದರೆ, ಹೊಸೈರಿ (ಹೆಣೆದ) ಬಟ್ಟೆ ಎಂದ ಮೇಲೆ ಹೀಗೆಯೇ ಎಂದು ಮಾತು ಮುಗಿಸಿದರು.

ಇದು ನಮ್ಮ ಕಟಿಂಗ್‌ನ ತಪ್ಪೋ, ಬಟ್ಟೆಯದೋ? ಪ್ಯಾಟರ್ನ್‌ನ ಉದ್ದಕ್ಕೆ ಶೇ. 8 ಸೇರಿಸಿ ಕತ್ತರಿಸಿದರೆ ಮುಂದಿನ ಸಲಕ್ಕೆ ಸರಿಹೋಗುತ್ತದೆಯೇ? ಕೊಡದೆ ಉಳಿದಿರುವ ಸುಮಾರು 120 ಟೀ-ಶರ್ಟ್‌ಗಳನ್ನು ಏನು ಮಾಡಬಹುದು? ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಶಿವಮೊಗ್ಗದಿಂದ, ಸಿದ್ಧ ಉಡುಪು ಗುಣಮಟ್ಟ ವಿಭಾಗದ ನೌಕರ

ಅಕ್ಕನವರಿಗೆ ನಮಸ್ಕಾರ. ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ದೋಷಗಳಿವೆ. ಗಿಡ್ಡವಾದದ್ದು ಒಂದು, ತಿರುಚಿಕೊಂಡದ್ದು ಇನ್ನೊಂದು. ಎರಡಕ್ಕೂ ಕಾರಣ ಬೇರೆ, ಮದ್ದೂ ಬೇರೆ. ನನಗೆ ಹೆಚ್ಚು ಪರಿಚಯವಿರುವುದು ಮೊದಲನೆಯದು, ಅದನ್ನು ಹೇಳುತ್ತೇನೆ.

ನೇಯ್ದ ಬಟ್ಟೆಯಲ್ಲಿ ಹಾಸು ಹೊಕ್ಕುಗಳ ಎಳೆಗಳು ಹೆಚ್ಚುಕಡಿಮೆ ನೇರವಾಗಿ ಮಲಗಿರುತ್ತವೆ. ಹೆಣೆದ ಬಟ್ಟೆಯಲ್ಲಿ ನೇರವಾದ ಎಳೆಯೇ ಇಲ್ಲ. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಹಾದು ಬಂದು ಬಟ್ಟೆಯಾಗಿರುತ್ತದೆ. ಕುಣಿಕೆಯನ್ನು ಉದ್ದಕ್ಕೆ ಎಳೆದರೆ ಅದು ಸಪೂರವಾಗಿ ನಿಲ್ಲುತ್ತದೆ, ಅಡ್ಡಕ್ಕೆ ಎಳೆದರೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ, ನೂಲು ಮಾತ್ರ ಇದ್ದಷ್ಟೇ ಇರುತ್ತದೆ. ಹೆಣಿಗೆ ಯಂತ್ರದ ಕೆಳಗೆ ಬಟ್ಟೆಯನ್ನು ಸುತ್ತಿಕೊಳ್ಳುವ ಉರುಳೆ ಅದನ್ನು ಉದ್ದಕ್ಕೆ ಎಳೆಯುತ್ತದೆ. ಬಣ್ಣ ಹಾಕುವಾಗ ಹಗ್ಗದಂತೆ ಉದ್ದವಾಗಿ ಓಡುತ್ತಾ ಒದ್ದೆ ಬಟ್ಟೆ ತನ್ನ ಭಾರಕ್ಕೆ ತಾನೇ ಇನ್ನಷ್ಟು ಹಿಗ್ಗುತ್ತದೆ. ಹಿಂಡುವಾಗ, ಒಣಗಿಸುವಾಗ, ಕೊನೆಗೆ ಉರುಳೆಗಳ ನಡುವೆ ಒತ್ತುವ ಕ್ಯಾಲೆಂಡರ್ ಯಂತ್ರದಲ್ಲಿ ಇಸ್ತ್ರಿಯಾಗಿ ರೋಲ್‌ಗೆ ಸುತ್ತುವಾಗಲೂ ಎಳೆತ ಬಿದ್ದೇ ಇರುತ್ತದೆ. ಹೀಗೆ ಎಳೆದು ನಿಲ್ಲಿಸಿದ ಆಕಾರದಲ್ಲೇ ಬಟ್ಟೆ ನಿಮ್ಮ ಮೇಜಿಗೆ ಬರುತ್ತದೆ. ಮನೆಯ ಬಕೆಟ್ಟಿನಲ್ಲಿ ನೀರು ತಾಗಿ, ನೂಲು ಉಬ್ಬಿ, ಕೈಯಲ್ಲಿ ಉಜ್ಜಿಸಿಕೊಂಡ ಕೂಡಲೇ ಕುಣಿಕೆಗಳು ಸಡಿಲಗೊಂಡು ತಮ್ಮ ಸಹಜವಾದ ದುಂಡು ಆಕಾರಕ್ಕೆ ಮರಳುತ್ತವೆ. ನೀವು ಕುಗ್ಗಿತು ಎನ್ನುತ್ತಿರುವುದು ಗಿರಣಿಯಲ್ಲಿ ಹಿಗ್ಗಿಸಿದ್ದ ಉದ್ದ ಹಿಂದಕ್ಕೆ ಹೋದದ್ದು. ಕಟಿಂಗ್‌ನಲ್ಲಿ ನಿಮ್ಮದೇನೂ ತಪ್ಪಿಲ್ಲ.

ಬಟ್ಟೆ ಕೊನೆಗೆ ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದನ್ನು ತೀರ್ಮಾನಿಸುವುದು ಒಂದು ಕುಣಿಕೆಗೆ ಹೋಗಿರುವ ನೂಲಿನ ಉದ್ದ. 1959ರಲ್ಲಿ ಮಂಡೆನ್ ಎಂಬ ಸಂಶೋಧಕರು ಇದನ್ನು ಲೆಕ್ಕವಾಗಿಯೇ ತೋರಿಸಿಕೊಟ್ಟರು. ಒದ್ದೆಮಾಡಿ ಸಡಿಲಗೊಂಡ ಸಿಂಗಲ್ ಜೆರ್ಸಿಯಲ್ಲಿ 5.3ನ್ನು ಸೆಂ.ಮೀ.ನಲ್ಲಿ ಅಳೆದ ಕುಣಿಕೆಯ ಉದ್ದದಿಂದ ಭಾಗಿಸಿದರೆ ಒಂದು ಸೆಂ.ಮೀ.ನಲ್ಲಿರುವ ಕುಣಿಕೆಗಳ ಅಡ್ಡಸಾಲುಗಳ ಸಂಖ್ಯೆಯೂ, 4.1ನ್ನು ಭಾಗಿಸಿದರೆ ಉದ್ದಸಾಲುಗಳ ಸಂಖ್ಯೆಯೂ ಸುಮಾರಾಗಿ ಸಿಗುತ್ತವೆ. ಅಂದರೆ ಕುಣಿಕೆ 0.29 ಸೆಂ.ಮೀ. ಇದ್ದರೆ, 30ರ ನೂಲಿನ ಬಟ್ಟೆ ತೊಳೆದ ಮೇಲೆ ಚದರ ಮೀಟರಿಗೆ 147 ಗ್ರಾಂ ಆಸುಪಾಸಿನಲ್ಲಿ ನಿಲ್ಲಬೇಕು. ಅದೇ ಬಟ್ಟೆಯನ್ನು ಎಳೆದು 130 ಜಿಎಸ್ಎಂ (ಚದರ ಮೀಟರಿಗೆ ಗ್ರಾಂ) ಮಾಡಿ ಮಾರಿದವರಿದ್ದರೆ, ಕೊಂಡವರ ಮನೆಯಲ್ಲಿ ಅದು ವಿಸ್ತೀರ್ಣದಲ್ಲಿ ಶೇ. 11ಕ್ಕಿಂತ ಹೆಚ್ಚು ಕುಗ್ಗಿಯೇ ಕುಗ್ಗುತ್ತದೆ. ಕಡಿಮೆ ತೂಕದಲ್ಲಿ ಹೆಚ್ಚು ಮೀಟರ್ ಸಿಕ್ಕಿತೆಂದು ಸಂತೋಷಪಡುವ ಮೊದಲು ಈ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಇದನ್ನು ನೀವೇ ಪರೀಕ್ಷಿಸಬಹುದು. ಉಳಿದಿರುವ ರೋಲ್‌ನಿಂದ 60 ಸೆಂ.ಮೀ. ಚೌಕದ ತುಂಡು ಕತ್ತರಿಸಿ, ಅಂಚು ಸುರುಳಿಯಾಗದಂತೆ ಓವರ್‌ಲಾಕ್ ಹಾಕಿ, ಒಳಗೆ 50 ಸೆಂ.ಮೀ. ಚೌಕವನ್ನು ಬೇರೆ ಬಣ್ಣದ ದಾರದಿಂದ ಗುರುತು ಮಾಡಿ. ಪೆನ್ನಿನ ಗುರುತು ತೊಳೆತಕ್ಕೆ ನಿಲ್ಲುವುದಿಲ್ಲ. ಮೂರು ಸಲ ತೊಳೆದು ಒಣಗಿಸಿ, ಒಂದು ರಾತ್ರಿ ಹಾಗೆಯೇ ಬಿಟ್ಟು, ಉದ್ದದಲ್ಲಿ ಮೂರು ಕಡೆ, ಅಗಲದಲ್ಲಿ ಮೂರು ಕಡೆ ಅಳೆಯಿರಿ. 50 ಇದ್ದದ್ದು 47 ಆದರೆ ಶೇ. 6 ಕುಗ್ಗಿತೆಂದು ಅರ್ಥ. ಸಾಮಾನ್ಯವಾಗಿ ಖರೀದಿದಾರರು ಶೇ. 5ರವರೆಗೆ ಒಪ್ಪುತ್ತಾರೆ. ಜೊತೆಗೆ ತೊಳೆಯುವ ಮೊದಲು ಒಂದು, ತೊಳೆದ ಮೇಲೆ ಒಂದು, 20 ಸೆಂ.ಮೀ. ಚೌಕದ ತುಂಡುಗಳನ್ನು ಕತ್ತರಿಸಿ ಪೇಟೆಯ ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಳ್ಳಿ. ಬಂದ ಗ್ರಾಂಗಳನ್ನು 25ರಿಂದ ಗುಣಿಸಿದರೆ ಜಿಎಸ್ಎಂ.

ಪ್ಯಾಟರ್ನ್‌ಗೆ ಸೇರಿಸುವ ವಿಚಾರ. 70ಕ್ಕೆ ಶೇ. 8 ಸೇರಿಸಿದರೆ 75.6 ಆಗುತ್ತದೆ, ಅದು ಶೇ. 8 ಕುಗ್ಗಿದರೆ 69.5ಕ್ಕೆ ಬಂದು ನಿಲ್ಲುತ್ತದೆ. 70ನ್ನು 0.92ರಿಂದ ಭಾಗಿಸಿ 76.1 ಇಡಬೇಕು. ಆದರೆ ಈ ದಾರಿಯನ್ನು ನಾನು ಮನಸ್ಸಿಟ್ಟು ಹೇಳಲಾರೆ. ಒಂದು ರೋಲ್ ಶೇ. 8, ಇನ್ನೊಂದು ಶೇ. 4 ಕುಗ್ಗಿದರೆ ಒಂದೇ ತರಗತಿಯ ಮಕ್ಕಳ ಟೀ-ಶರ್ಟ್‌ಗಳು ಎರಡು ಉದ್ದದಲ್ಲಿ ಕಾಣುತ್ತವೆ. ಅದರ ಬದಲು, ಕಾಂಪ್ಯಾಕ್ಟಿಂಗ್ ಮಾಡಿದ ಬಟ್ಟೆಯನ್ನೇ ಕೇಳಿ ಪಡೆಯಿರಿ. ಆ ಯಂತ್ರ ಬಟ್ಟೆಗೆ ಹಬೆ ಕೊಟ್ಟು, ಒಳಗೆ ಹೋಗುವ ವೇಗಕ್ಕಿಂತ ಹೊರಬರುವ ವೇಗವನ್ನು ಕಡಿಮೆ ಇಟ್ಟು, ಹಿಗ್ಗಿದ್ದ ಕುಣಿಕೆಗಳನ್ನು ಉದ್ದದ ದಿಕ್ಕಿನಲ್ಲಿ ಹಿಂದಕ್ಕೆ ಒತ್ತುತ್ತದೆ. ನಿಮ್ಮಲ್ಲಿಗೆ ಬಂದ ರೋಲನ್ನೂ ನೇರವಾಗಿ ಕತ್ತರಿಸಬೇಡಿ. ಬಿಚ್ಚಿ, ಎಳೆಯದೆ, ಮಡಿಕೆ ಮಡಿಕೆಯಾಗಿ ಹಾಸಿ 24 ಗಂಟೆ ಬಿಟ್ಟು ಆಮೇಲೆ ಲೇ ಹಾಕಿ, ಅಂದರೆ ಕತ್ತರಿಸಲು ಪದರ ಪದರವಾಗಿ ಹರಡಿ.

ಉತ್ತರ: ಹೊಸನಗರದಿಂದ

ಮೇಲಿನ ಮಾತಿಗೆ ನನ್ನ ಅನುಭವದ ಒಂದು ಎಚ್ಚರಿಕೆ ಸೇರಿಸುತ್ತೇನೆ. ನಮ್ಮ ಕಡೆ ಆಷಾಢ, ಶ್ರಾವಣದ ಮಳೆಯಲ್ಲಿ ತೊಳೆದ ಬಟ್ಟೆ ಹಗ್ಗದ ಮೇಲೆ ಮೂರು ದಿನವಾದರೂ ಒಣಗುವುದಿಲ್ಲ. ನೀರು ತುಂಬಿದ ಟೀ-ಶರ್ಟ್ ಹೆಗಲು ಸಿಕ್ಕಿಸಿಕೊಂಡು ತೂಗುತ್ತಿದ್ದರೆ ಆ ಭಾರಕ್ಕೇ ಉದ್ದಕ್ಕೆ ಜೋಲುತ್ತದೆ. ಹಾಗೆ ಒಣಗಿದ್ದನ್ನು ಅಳೆದರೆ ಕುಗ್ಗಿಯೇ ಇಲ್ಲ ಎಂದು ಕಾಣುತ್ತದೆ. ಅದೇ ಟೀ-ಶರ್ಟನ್ನು ಇನ್ನೊಮ್ಮೆ ತೊಳೆದು ಚಾಪೆಯ ಮೇಲೆ ಹಾಸಿ ಒಣಗಿಸಿದಾಗ ಗುಟ್ಟು ಹೊರಬೀಳುತ್ತದೆ. ಬಚ್ಚಲೊಲೆಯ ಮೇಲಿನ ಗಳುವಿಗೆ ಹಾಕಿದರೆ ಬೇಗ ಒಣಗುವುದೇನೋ ನಿಜ, ಆದರೆ ಜೋಲುವುದು ತಪ್ಪುವುದಿಲ್ಲ. ಆದ್ದರಿಂದ ಪರೀಕ್ಷೆಯ ತುಂಡನ್ನು ಪ್ರತಿ ಸಲವೂ ಒಂದೇ ರೀತಿ, ಹಾಸಿಯೇ ಒಣಗಿಸಬೇಕು. ಇಲ್ಲದಿದ್ದರೆ ಮಳೆಗಾಲದ ಅಳತೆಗೂ ಬೇಸಿಗೆಯ ಅಳತೆಗೂ ತಾಳೆಯಾಗುವುದಿಲ್ಲ.

ಉಣ್ಣೆಯ ಸ್ವೆಟರ್ ಕುಗ್ಗುವುದನ್ನು ಇದರೊಂದಿಗೆ ಬೆರೆಸಬಾರದು. ಉಣ್ಣೆಯ ಕೂದಲಿನ ಮೇಲೆ ಮೀನಿನ ಹುರುಪೆಯಂಥ ಪದರಗಳಿರುತ್ತವೆ. ಬಿಸಿನೀರಿನಲ್ಲಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಕಂಬಳಿಯಂತೆ ಗಟ್ಟಿಯಾಗುತ್ತವೆ, ಹಾಗೆ ಆದದ್ದು ಮತ್ತೆ ಬಿಡಿಸಿಕೊಳ್ಳುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಹೇಳಿದಂತೆಯೇ ಮಾಡಿದೆ. 20 ಸೆಂ.ಮೀ. ಚೌಕ ತೊಳೆಯುವ ಮೊದಲು 5.4 ಗ್ರಾಂ, ಮೂರು ಸಲ ತೊಳೆದು ಹಾಸಿ ಒಣಗಿಸಿದ ಮೇಲೆ 6 ಗ್ರಾಂ ತೂಗಿತು. ಅಂದರೆ 135 ಇದ್ದದ್ದು 150 ಜಿಎಸ್ಎಂ ಆಯಿತು. ಉದ್ದದಲ್ಲಿ 50 ಸೆಂ.ಮೀ. 46ಕ್ಕೆ, ಅಗಲದಲ್ಲಿ 49ಕ್ಕೆ ಬಂದಿದೆ. ಬಟ್ಟೆಯನ್ನು ಎಳೆದೇ ಕಳಿಸಿದ್ದಾರೆ ಎಂಬುದು ಈಗ ನನಗೂ ಸ್ಪಷ್ಟವಾಯಿತು. ಆದರೆ ಕಾಂಪ್ಯಾಕ್ಟಿಂಗ್ ಮಾಡಿದ ಬಟ್ಟೆ ತಂದರೆ ಹೊಲಿಗೆ ತಿರುಗುವುದೂ ನಿಲ್ಲುತ್ತದೆಯೇ?

ಉತ್ತರ: ಭದ್ರಾವತಿಯಿಂದ, ಜವಳಿ ತಂತ್ರಜ್ಞಾನದ ನಿವೃತ್ತ ಬೋಧಕ

ನಿಲ್ಲುವುದಿಲ್ಲ. ಕಾಂಪ್ಯಾಕ್ಟಿಂಗ್ ಉದ್ದದ ಲೆಕ್ಕವನ್ನು ಸರಿಪಡಿಸುತ್ತದೆಯೇ ಹೊರತು ತಿರುಚನ್ನಲ್ಲ. ತಿರುಚು ಇರುವುದು ನೂಲಿನ ಹುರಿಯಲ್ಲಿ, ಅಂದರೆ ನೂಲುವಾಗ ಎಳೆಗೆ ಹಾಕಿದ ಸುತ್ತಿನಲ್ಲಿ.

ನಿಮ್ಮ ಬಟ್ಟೆಯ ಅಂಚಿನಿಂದ ಒಂದು ಅಡ್ಡಸಾಲಿನ ನೂಲನ್ನು ಒಂದು ಮೊಳದಷ್ಟು ಬಿಚ್ಚಿ ತೆಗೆಯಿರಿ. ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ನಿಧಾನವಾಗಿ ಹತ್ತಿರ ತನ್ನಿ. ನಡುವೆ ಜೋತ ನೂಲು ಸುಮ್ಮನೆ ತೂಗದೆ ತನ್ನಷ್ಟಕ್ಕೆ ತಾನೇ ಸುತ್ತಿಕೊಂಡು ಎರಡೆಳೆಯ ಹುರಿಯಾಗುವುದನ್ನು ಕಾಣುತ್ತೀರಿ. ಎಷ್ಟು ಸುತ್ತು ಬಿದ್ದಿತೋ ಅಷ್ಟು ಚಡಪಡಿಕೆ ಆ ನೂಲಿನಲ್ಲಿ ಉಳಿದಿದೆ. ಬಟ್ಟೆಯೊಳಗಿನ ಪ್ರತಿಯೊಂದು ಕುಣಿಕೆಯಲ್ಲಿಯೂ ನೂಲು ಹೀಗೆಯೇ ಬಿಚ್ಚಿಕೊಳ್ಳಲು ಹವಣಿಸುತ್ತಿರುತ್ತದೆ, ಬಿಚ್ಚಿಕೊಳ್ಳಲಾಗದೆ ಕುಣಿಕೆಯನ್ನೇ ಒಂದು ಪಕ್ಕಕ್ಕೆ ವಾಲಿಸುತ್ತದೆ. ರಿಂಗ್ ಯಂತ್ರದಲ್ಲಿ ನೂತ ಹತ್ತಿಯ ನೂಲಿಗೆ ಸಾಮಾನ್ಯವಾಗಿ ಹಾಕುವುದು ಝಡ್ ಹುರಿ, ಅಂದರೆ ಸುತ್ತುಗಳು Z ಅಕ್ಷರದ ನಡುಗೆರೆಯಂತೆ ಓರೆಯಾಗಿರುವ ಹುರಿ (ಎದುರು ದಿಕ್ಕಿನದು ಎಸ್ ಹುರಿ). ಅದರಲ್ಲಿ ಉದ್ದಸಾಲುಗಳು ಬಟ್ಟೆಯ ಮುಖದ ಮೇಲೆ ಬಲಕ್ಕೆ ವಾಲುತ್ತವೆ. ಗಿರಣಿಯವರು ಅದನ್ನು ಸ್ಟೆಂಟರ್‌ನಲ್ಲಿ (ಅಂಚು ಹಿಡಿದು ಒಣಗಿಸುವ ಯಂತ್ರ) ನೇರವಾಗಿ ಎಳೆದು ಒಣಗಿಸಿದರೆ ರೋಲ್‌ನಲ್ಲಿರುವಾಗ ನೇರವಾಗಿಯೇ ಕಾಣುತ್ತದೆ, ಮೊದಲ ತೊಳೆತದಲ್ಲಿ ನೀರು ಆ ಬಿಗಿಯನ್ನು ಬಿಡಿಸಿಬಿಡುತ್ತದೆ.

ಯಂತ್ರದ ಪಾಲೂ ಸ್ವಲ್ಪ ಇದೆ. 30 ಇಂಚಿನ ದುಂಡು ಯಂತ್ರದಲ್ಲಿ 90 ಫೀಡರ್‌ಗಳು (ನೂಲು ಉಣಿಸುವ ಜಾಗಗಳು) ಇದ್ದರೆ ಒಂದು ಸುತ್ತಿಗೆ 90 ಅಡ್ಡಸಾಲುಗಳು ಒಟ್ಟಿಗೆ ಏರುತ್ತವೆ. ಆದ್ದರಿಂದ ಅಡ್ಡಸಾಲು ಸಮತಟ್ಟಾಗಿರದೆ ಸುರುಳಿಮೆಟ್ಟಿಲಿನಂತೆ ಮೇಲೇರುತ್ತಾ ಹೋಗುತ್ತದೆ. ನಿಮ್ಮಂಥ ಬಟ್ಟೆಯಲ್ಲಿ ಆ ಏರಿಕೆ ಸುಮಾರು 157 ಸೆಂ.ಮೀ. ಸುತ್ತಳತೆಗೆ 5 ಸೆಂ.ಮೀ., ಅಂದರೆ ಶೇ. 3. ನಿಮ್ಮ ಟೀ-ಶರ್ಟ್‌ನಲ್ಲಿ 64.5 ಸೆಂ.ಮೀ.ನ ಇಡೀ ಉದ್ದಕ್ಕೆ ಲೆಕ್ಕ ಹಿಡಿದರೂ 6 ಸೆಂ.ಮೀ. ತಿರುಗಿರುವುದು ಶೇ. 9ಕ್ಕೂ ಮಿಕ್ಕಿ. ಹೀಗಾಗಿ ನಿಮ್ಮ ಬಟ್ಟೆಯಲ್ಲಿ ಮುಖ್ಯ ದೋಷ ನೂಲಿನದೇ ಎಂದು ನಾನು ಭಾವಿಸುತ್ತೇನೆ.

ಇದಕ್ಕೆ ಪರಿಹಾರ ಹೆಣಿಗೆಗಿಂತ ಮೊದಲೇ ಆಗಬೇಕು. ಹುರಿ ಕಡಿಮೆ ಇರುವ ಹೊಸೈರಿ ನೂಲನ್ನೇ ಬಳಸುವುದು, ಹೆಣೆಯುವ ಮೊದಲು ನೂಲಿಗೆ ಹಬೆ ಕೊಟ್ಟು ಅದರ ಚಡಪಡಿಕೆಯನ್ನು ತಗ್ಗಿಸುವುದು, ಎಸ್ ಹುರಿ ಮತ್ತು ಝಡ್ ಹುರಿಯ ನೂಲುಗಳನ್ನು ಒಂದು ಬಿಟ್ಟು ಒಂದು ಫೀಡರ್‌ಗೆ ಕೊಡುವುದು, ಇಲ್ಲವೇ ಎರಡೆಳೆಯನ್ನು ಎದುರು ದಿಕ್ಕಿನಲ್ಲಿ ಹೊಸೆದ ನೂಲಿನಲ್ಲಿ ಹೆಣೆಯುವುದು. ಕೊನೆಯದು ಎಲ್ಲಕ್ಕಿಂತ ಒಳ್ಳೆಯದು, ಬೆಲೆಯೂ ಹೆಚ್ಚು. ಕುಣಿಕೆ ಬಿಗಿಯಾದಷ್ಟೂ ವಾಲುವಿಕೆ ಕಡಿಮೆ. ಪಾಲಿಯೆಸ್ಟರ್ ಬೆರೆತ ಬಟ್ಟೆಯಾದರೆ 180 ಡಿಗ್ರಿ ಸೆಲ್ಸಿಯಸ್ ಮೇಲ್ಪಟ್ಟ ಶಾಖದಲ್ಲಿ ಅದರ ಆಕಾರವನ್ನು ನಿಲ್ಲಿಸಬಹುದು, ಶುದ್ಧ ಹತ್ತಿಗೆ ಆ ಅನುಕೂಲವಿಲ್ಲ. ಕ್ರೀಡಾಕೂಟದ ಬಟ್ಟೆಗೆ ನೀವು ಇಂಟರ್‌ಲಾಕ್ ಹೆಣಿಗೆಯನ್ನು ಯೋಚಿಸಬಹುದು. ಅದರಲ್ಲಿ ಮುಂದಿನ ಮತ್ತು ಹಿಂದಿನ ಕುಣಿಕೆಗಳು ಪರಸ್ಪರ ಎದುರಾಗಿ ವಾಲುವುದರಿಂದ ತಿರುಚು ಬಹುಮಟ್ಟಿಗೆ ತೀರಿಹೋಗುತ್ತದೆ. ತೂಕ ಹೆಚ್ಚು ಎಂಬುದೊಂದೇ ತೊಡಕು.

ಇನ್ನು ಉಳಿದ 120 ಟೀ-ಶರ್ಟ್‌ಗಳು. ಮಕ್ಕಳ ಕೈಗೆ ಹೋಗುವ ಮೊದಲು ನೀವೇ ಒಮ್ಮೆ ತೊಳೆದು, ಹಾಸಿ ಒಣಗಿಸಿ, ಎಳೆಯದೆ ಹಬೆಯ ಇಸ್ತ್ರಿ ಹಾಕಿ, ಹೊಸದಾಗಿ ಅಳತೆ ತೆಗೆದು, ಆ ಅಳತೆಗೆ ಹೊಂದುವ ಕೆಳಗಿನ ಸೈಜಿನ ಚೀಟಿ ಹಚ್ಚಿ ಕೊಡಿ. ಕುಗ್ಗುವುದರ ಬಹುಪಾಲು ಆ ಮೊದಲ ತೊಳೆತದಲ್ಲೇ ಮುಗಿದಿರುತ್ತದೆ. ತಿರುಗಿದ ಹೊಲಿಗೆಯನ್ನು ಮಾತ್ರ ಇಸ್ತ್ರಿಯಿಂದ ನೇರ ಮಾಡಲು ಹೋಗಬೇಡಿ, ಮುಂದಿನ ತೊಳೆತಕ್ಕೆ ಅದು ಇದ್ದಲ್ಲಿಗೇ ಬರುತ್ತದೆ. ಶಾಲೆಯವರಿಗೆ ಈ ವಿಷಯವನ್ನು ಮೊದಲೇ ಬಾಯಿಬಿಟ್ಟು ಹೇಳುವುದು ಒಳ್ಳೆಯದು.

ಪ್ರಶ್ನೆ ಕೇಳಿದವರಿಂದ

ನೂಲು ಬಿಚ್ಚಿ ನೋಡಿದೆವು. ಕೈ ಹತ್ತಿರ ತರುವಷ್ಟರಲ್ಲಿ ಗಂಟಿಕ್ಕಿದ ಹಾಗೆ ಸುತ್ತಿಕೊಂಡಿತು. ಆರು ಜನವೂ ಒಬ್ಬರ ನಂತರ ಒಬ್ಬರು ಮಾಡಿ ನೋಡಿದೆವು. ಮುಂದಿನ ಬೇಡಿಕೆ ಕಳಿಸುವಾಗ ಕುಣಿಕೆಯ ಉದ್ದ, ತೊಳೆದ ಮೇಲಿನ ಜಿಎಸ್ಎಂ, ಉದ್ದಗಲ ಕುಗ್ಗುವ ಪ್ರಮಾಣ ಶೇ. 5, ತಿರುಚು ಶೇ. 5 ಮೀರಬಾರದು ಎಂಬ ನಾಲ್ಕೂ ಮಾತುಗಳನ್ನು ಬರೆದೇ ಕಳಿಸುತ್ತೇವೆ, ಮೊದಲು ಎರಡು ಮೀಟರ್ ಮಾದರಿ ತರಿಸಿ ತೊಳೆದು ನೋಡುತ್ತೇವೆ. ಶಾಲೆಯ ಮುಖ್ಯೋಪಾಧ್ಯಾಯರಿಗೆ ಇವತ್ತು ಬೆಳಿಗ್ಗೆ ವಿಷಯ ತಿಳಿಸಿ ಬಂದೆ. ಹತ್ತು ದಿನ ಕಾಯಲು ಒಪ್ಪಿದ್ದಾರೆ. ಇಂದು ಬಿಸಿಲು ಬಿದ್ದಿದೆ, ಮೊದಲ ನಲವತ್ತು ಟೀ-ಶರ್ಟ್‌ಗಳನ್ನು ತೊಳೆದು ಅಂಗಳದ ಚಾಪೆಗಳ ಮೇಲೆ ಹಾಸಿದ್ದೇವೆ.