ನಮ್ಮ ಬ್ಯಾಚ್ ಗುಂಪಿನಲ್ಲಿ ಆ ಫಾರ್ವರ್ಡ್

ಗಿರೀಶ: (ಫಾರ್ವರ್ಡ್) ಎಲ್ಲ ವೆಬ್‌ಸೈಟಿಗೂ ಕಣ್ಗಾವಲು ಕೋಡ್ ಹಾಕಲು ಸರ್ಕಾರದ ರಹಸ್ಯ ಆದೇಶ! ಕೂಡಲೇ ಎಲ್ಲರಿಗೂ ಕಳಿಸಿ.

ಸುಮಾ: ಗಿರೀಶ, ಇದಕ್ಕೆ ತಲೆಯೂ ಇಲ್ಲ, ಬುಡವೂ ಇಲ್ಲ. ಯಾವ ಸರ್ಕಾರ, ಯಾವ ಸೈಟ್, ಯಾವ ತಾರೀಕು? ಡಿಲೀಟ್ ಮಾಡು.

ಗಿರೀಶ: ರಹಸ್ಯ ಅಂದ ಮೇಲೆ ಪುರಾವೆ ಎಲ್ಲಿಂದ ತರಲಿ?

ಸುಮಾ: ಹಾಗಂತ ಯಾರು ಏನು ಬೇಕಾದರೂ ಹೇಳಬಹುದಾ?

ಪ್ರಕಾಶ: ಸುಮಾ ಕೇಳಿದ್ದು ಸರಿ, ಈ ಮೆಸೇಜನ್ನು ನಾನೂ ನಂಬುವುದಿಲ್ಲ. ಆದರೆ ಗಿರೀಶನ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಅಮೆರಿಕದಲ್ಲಿ ಲಾವಾಬಿಟ್ ಅಂತ ಇಮೇಲ್ ಸೇವೆ ಇತ್ತು. ಸುಮಾರು 4 ಲಕ್ಷ ಜನ ಬಳಸುತ್ತಿದ್ದರು, ಅಮೆರಿಕ ಸರ್ಕಾರದ ಕಣ್ಗಾವಲಿನ ಗುಟ್ಟು ಬಯಲು ಮಾಡಿದ ಎಡ್ವರ್ಡ್ ಸ್ನೋಡೆನ್ ಕೂಡ. 2013ರಲ್ಲಿ ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐ ಇಡೀ ಸೇವೆಯ ಎನ್‌ಕ್ರಿಪ್ಷನ್ ಕೀ, ಅಂದರೆ ಗುಟ್ಟಾಗಿಟ್ಟ ಮಾಹಿತಿ ಬಿಚ್ಚುವ ಕೀ ಕೇಳಿತು. ನೋಡಬೇಕಿದ್ದದ್ದು ಒಬ್ಬನ ಖಾತೆ, ಕೇಳಿದ್ದು ಎಲ್ಲರ ಮನೆಯ ಬೀಗದ ಕೈ! ಯಾರಿಗೂ ಹೇಳಬಾರದು ಅಂತ ಕೋರ್ಟ್ ಆದೇಶ ಬೇರೆ. ಮಾಲೀಕ ಲಾಡಾರ್ ಲೆವಿಸನ್ ಆ ಕೀಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ 11 ಪುಟ ಪ್ರಿಂಟ್ ಹಾಕಿ ಕೊಟ್ಟ. ಕೋರ್ಟ್ ದಿನಕ್ಕೆ 5,000 ಡಾಲರ್ ದಂಡ ಅಂದಿತು. ಕೊನೆಗೆ ಕೀ ಕೊಟ್ಟು, ಆಗಸ್ಟ್ 8ರಂದು ಸೇವೆಯನ್ನೇ ಮುಚ್ಚಿದ. ಯಾಕೆ ಮುಚ್ಚಿದೆ ಅಂತ ಬಳಕೆದಾರರಿಗೆ ಹೇಳುವ ಹಾಗೂ ಇರಲಿಲ್ಲ.

ಸುಮಾ: ಅದು ಅಮೆರಿಕ. ಕೇಳಿದ್ದೂ ಕೀ, ಕೋಡ್ ಅಲ್ಲ.

ಪ್ರಕಾಶ: ಹೌದು, ಅದಕ್ಕೇ ಫಾರ್ವರ್ಡ್ ಬೇಡ ಅಂತಿರುವುದು. ಆದರೆ ನಮ್ಮಲ್ಲೂ ಐಟಿ ಕಾಯ್ದೆಯ 69ನೇ ಸೆಕ್ಷನ್ ಇದೆ. ಯಾರದಾದರೂ ಮಾಹಿತಿ ನೋಡಲು ಗೃಹ ಕಾರ್ಯದರ್ಶಿ ಕೊಟ್ಟ ಆದೇಶಕ್ಕೆ ಕಂಪನಿ ಸಹಕರಿಸದಿದ್ದರೆ 7 ವರ್ಷದವರೆಗೆ ಜೈಲು. 2009ರ ನಿಯಮದ ಪ್ರಕಾರ ಅದನ್ನು ಗುಟ್ಟಾಗಿಯೂ ಇಡಬೇಕು. ಆದೇಶ ಸರಿ ಇದೆಯಾ ಅಂತ ನೋಡುವ ಸಮಿತಿಯಲ್ಲಿ ಇರುವವರೂ ಅಧಿಕಾರಿಗಳೇ, ಜಡ್ಜ್ ಇಲ್ಲ. ಅಪರಾಧಿಗಳನ್ನು ಹಿಡಿಯಲಿ, ಬೇಡ ಅನ್ನುವುದಿಲ್ಲ. ತನಿಖೆ ಮುಗಿದ ಮೇಲಾದರೂ, ಯಾರ ಮೇಲೆ ಕಣ್ಣಿಟ್ಟಿದ್ದರೋ ಆ ಮನುಷ್ಯನಿಗೆ ತಿಳಿಸಬೇಕಲ್ವಾ? ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಗಿರೀಶ: ಸೈಟಿನಲ್ಲಿ ಕೋಡ್ ಇದ್ದರೆ ನಮಗೆ ಗೊತ್ತಾಗುತ್ತಾ?

ಪ್ರಕಾಶ: ಅರ್ಧ ಗೊತ್ತಾಗುತ್ತದೆ. ನಿನ್ನೆ ಬಸವನಗುಡಿಯ ಒಂದು ಸೀರೆ ಅಂಗಡಿಯ ಸೈಟ್ ರಿಪೇರಿಗೆ ಬಂದಿತ್ತು. ಪೇಜ್ ಸೋರ್ಸ್, ಅಂದರೆ ಪುಟದ ಹಿಂದಿನ ಕೋಡ್ ತೆಗೆದರೆ ಹೊರಗಿನವರ 9 ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಂ)! ಯಾವ ಸೀರೆಯ ಮೇಲೆ ಬೆರಳಿಟ್ಟಿರಿ ಅನ್ನುವುದನ್ನೂ ಒಂದು ಬರೆದುಕೊಳ್ಳುತ್ತಿತ್ತು. ಹಾಕಿದ್ದು ಸರ್ಕಾರ ಅಲ್ಲ, ಜಾಹೀರಾತಿನವರು. ಅಂಗಡಿಯವರಿಗೇ ಗೊತ್ತಿರಲಿಲ್ಲ. ಆದರೆ ಸರ್ವರ್ ಒಳಗೆ ಏನು ನಡೆಯುತ್ತದೆ ಅನ್ನುವುದು ನಮ್ಮ ಬ್ರೌಸರಿಗೆ ಕಾಣುವುದಿಲ್ಲ ಕಣೋ.

ಗಿರೀಶ: ಫಾರ್ವರ್ಡ್ ತೆಗೆದಿದ್ದೇನೆ. ಆದರೆ ಆ ಕಾಣದ ಅರ್ಧದ ಬಗ್ಗೆಯೇ ನನ್ನ ಭಯ.

ಸುಮಾ: ಪ್ರಕಾಶ, ನಮ್ಮ ಮಗಳ ಸ್ಕೂಲ್ ಸೈಟ್ ಒಮ್ಮೆ ನೋಡುತ್ತೀಯಾ? ಮಕ್ಕಳ ಫೋಟೋ ಎಲ್ಲ ಅಲ್ಲೇ ಇದೆ. ಲಿಂಕ್ ಕಳಿಸುತ್ತೇನೆ.