ಹೈಡಾ ಬಳೆಯ ಪ್ರಾಣಿರೂಪ: ಸಂಕೇತವೇ, ಲಾಂಛನವೇ, ಬೆಡಗೇ?

ಬಲ್ಲವರಲ್ಲಿ ಒಂದು ಪದದ ಬಗ್ಗೆ ವಿಚಾರಿಸಬೇಕಾಗಿದೆ. ಕೆನಡಾದ ಪಶ್ಚಿಮ ಕರಾವಳಿಯಾಚೆಯ ಹೈಡಾ ಗ್ವಾಯಿ ದ್ವೀಪಗಳ ಮೂಲನಿವಾಸಿಗಳಾದ ಹೈಡಾ ಜನರು ಬೆಳ್ಳಿಯ ಬಳೆಗಳಲ್ಲಿ, ಸೀಡರ್ ಮರದ ಕಂಬಗಳಲ್ಲಿ ಮತ್ತು ಆರ್ಗಿಲೈಟ್ ಎಂಬ ಕರಿಗಲ್ಲಿನಲ್ಲಿ ಕೆತ್ತುವ ಪ್ರಾಣಿರೂಪಗಳಿಗೆ ಇಂಗ್ಲಿಷಿನಲ್ಲಿ ‘ಕ್ರೆಸ್ಟ್’ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಯಾವ ಪದ ಸಲ್ಲುತ್ತದೆ?

ಮೊದಲು ನೆನಪಾಗುವುದು ‘ಸಂಕೇತ’. ಅದನ್ನು ನಾನು ಒಪ್ಪಲಾರೆ. ಆ ಪದವನ್ನು ಕಂಡ ಓದುಗರು ಕರಡಿಯೆಂದರೆ ಬಲ, ಹದ್ದೆಂದರೆ ದೂರದೃಷ್ಟಿ ಎಂದು ಅರ್ಥ ಹುಡುಕತೊಡಗುತ್ತಾರೆ. ಹೈಡಾ ಬಳೆಯ ಮೇಲಿನ ಕರಡಿ ಮೊದಲಿಗೆ ತಿಳಿಸುವುದು ತೊಟ್ಟವಳು ಯಾವ ಮನೆತನದವಳು ಎಂಬುದನ್ನು. ಹೈಡಾ ಸಮಾಜದಲ್ಲಿ ಕಾಗೆ ಮತ್ತು ಹದ್ದು ಎಂಬ ಎರಡು ಪಂಗಡಗಳಿವೆ. ಮಗು ತಾಯಿಯ ಪಂಗಡಕ್ಕೆ ಸೇರುತ್ತದೆ, ಮದುವೆ ಇನ್ನೊಂದು ಪಂಗಡದವರೊಡನೆ ಆಗಬೇಕೆಂಬುದು ಪರಂಪರೆಯ ಕಟ್ಟಳೆ. ಪಂಗಡದೊಳಗಿನ ಮನೆತನಗಳಿಗೆ ತಮ್ಮ ತಮ್ಮ ಪ್ರಾಣಿರೂಪಗಳ ಹಕ್ಕಿದೆ: ಓರ್ಕಾ ತಿಮಿಂಗಿಲ ಮತ್ತು ಕರಡಿ ಹೆಚ್ಚಾಗಿ ಕಾಗೆ ಪಂಗಡದವರವು, ಬೀವರ್ ಎಂಬ, ನೀರಿನಲ್ಲೂ ಬಾಳುವ ದಂಶಕ ಪ್ರಾಣಿ ಮತ್ತು ಕಪ್ಪೆ ಹದ್ದಿನ ಪಂಗಡದವರವು. ಪಾಟ್‌ಲ್ಯಾಚ್ ಎಂಬ ಔತಣಕೂಟದಲ್ಲಿ ನೆರೆದವರ ಎದುರು ಈ ಹಕ್ಕನ್ನು ಸಾರಿ, ಸಾಕ್ಷಿಗಳಾದ ಅವರಿಗೆ ಉಡುಗೊರೆ ಕೊಟ್ಟು ಸ್ಥಿರಪಡಿಸುವುದು ರೂಢಿ. ಅಂಥ ಕೂಟವನ್ನೇ ಕೆನಡಾ ಸರ್ಕಾರ 1885ರಿಂದ 1951ರವರೆಗೆ ಕಾನೂನಿನಿಂದ ತಡೆದಿತ್ತೆಂಬುದು ಬಹಳ ನೋವಿನ ಸಂಗತಿ. ಹಿಂದೆ ಮೈಮೇಲೆ ಹಚ್ಚೆಯಾಗಿದ್ದ ರೂಪಗಳೇ 19ನೆಯ ಶತಮಾನದಲ್ಲಿ ಬೆಳ್ಳಿ ನಾಣ್ಯಗಳಿಂದ ಮಾಡಿದ ಬಳೆಗಳ ಮೇಲೂ ಮೂಡಿದವು.

ಈ ರೂಪಗಳನ್ನು ಓದಲು ನಿಯತವಾದ ಗುರುತುಗಳಿವೆ. ಎರಡು ದೊಡ್ಡ ಬಾಚಿಹಲ್ಲು, ಅಡ್ಡಗೀರುಗಳ ಬಾಲವಿದ್ದರೆ ಬೀವರ್. ಬೆನ್ನಿನ ಮೇಲೆ ಎತ್ತರದ ಈಜುರೆಕ್ಕೆಯಿದ್ದರೆ ಓರ್ಕಾ. ಕೊಕ್ಕು ನೇರವಾಗಿದ್ದರೆ ಕಾಗೆ, ತುದಿ ಕೆಳಕ್ಕೆ ಬಾಗಿದ್ದರೆ ಹದ್ದು. ಚಾರ್ಲ್ಸ್ ಈಡನ್‌ಶಾ ಅವರಂಥ ಹಿರಿಯ ಹೈಡಾ ಶಿಲ್ಪಿಗಳು ಬಳೆಯ ಕಿರಿದಾದ ಪಟ್ಟಿಯ ಮೇಲೂ ಇವನ್ನು ಬಿಡದೆ ಪಾಲಿಸಿದರು.

ಆದ್ದರಿಂದ ನನ್ನ ಒಲವು ‘ಲಾಂಛನ’ದ ಕಡೆಗಿದೆ. ಬಾದಾಮಿ ಚಾಲುಕ್ಯರ ವರಾಹ, ಗಂಗರ ಆನೆ ವಂಶದ ಗುರುತುಗಳಾಗಿದ್ದವು. ಬೇರೆಯವರು ಅವನ್ನು ಮನಬಂದಂತೆ ಬಳಸುವಂತಿರಲಿಲ್ಲ. ಆದರೆ ಲಾಂಛನವೆಂದರೆ ಈಗ ಅರಸೊತ್ತಿಗೆ, ಸರ್ಕಾರ, ಸಂಸ್ಥೆಗಳೇ ಕಣ್ಣ ಮುಂದೆ ಬರುತ್ತವೆ, ರಕ್ತಸಂಬಂಧದ ಸುಳಿವು ಉಳಿಯುವುದಿಲ್ಲ. ಆ ಸಂಬಂಧಕ್ಕೆ ಕುಲದೊಳಗಿನ ಕವಲನ್ನು ಹೇಳುವ ನಮ್ಮ ‘ಬೆಡಗು’, ‘ಬಳಿ’ ಪದಗಳು ಹತ್ತಿರದವು. ಪ್ರಾಣಿ, ಗಿಡಮರಗಳ ಹೆಸರು ಹೊತ್ತ ಬೆಡಗುಗಳು ಕರ್ನಾಟಕದ ಹಲವು ಸಮುದಾಯಗಳಲ್ಲಿವೆ, ಒಂದೇ ಬೆಡಗಿನವರು ತಮ್ಮೊಳಗೆ ಮದುವೆಯಾಗುವುದಿಲ್ಲ. ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಂತೂ ಬಳಿ ತಾಯಿಯಿಂದಲೇ ಬರುತ್ತದೆ. ಆದರೆ ಇವು ಗುಂಪಿನ ಹೆಸರುಗಳೇ ಹೊರತು ಕೆತ್ತಿದ ರೂಪದ ಹೆಸರುಗಳಲ್ಲ. ಜೊತೆಗೆ ಒಡವೆಯ ಪಕ್ಕದಲ್ಲಿ ‘ಬೆಡಗು’ ಎಂದು ಬರೆದರೆ ಓದುಗರು ಸೊಬಗು ಎಂದೇ ತಿಳಿದಾರು. ಕುಲದ ಗುರುತಾದ ಪ್ರಾಣಿಗೆ ಇಂಗ್ಲಿಷಿನಲ್ಲಿ ಬಳಕೆಯಲ್ಲಿರುವ ‘ಟೋಟೆಮ್’ ಪದವನ್ನೇ ಇಟ್ಟುಕೊಳ್ಳೋಣವೆಂದರೆ, ಅದು ಉತ್ತರ ಅಮೆರಿಕದ ಮಹಾ ಸರೋವರಗಳ ಸೀಮೆಯ ಒಜಿಬ್ವೆ ನುಡಿಯಿಂದ ಬಂದದ್ದು, ಹೈಡಾ ಮಾತಲ್ಲ.

ಸದ್ಯಕ್ಕೆ ‘ಬಳಿಲಾಂಛನ’ ಎಂಬ ಜೋಡುಪದವನ್ನು ಸೂಚಿಸುತ್ತಿದ್ದೇನೆ. ಇದು ಕಿವಿಗೆ ಒಗ್ಗುತ್ತದೆಯೇ ಎಂಬುದನ್ನು ತಿಳಿಸಬೇಕು. ಬೆಡಗಿನ ಪ್ರಾಣಿಯನ್ನು ಹಚ್ಚೆಯಲ್ಲಾಗಲಿ, ಮರಗೆಲಸದಲ್ಲಾಗಲಿ, ಒಡವೆಯಲ್ಲಾಗಲಿ ಮೂಡಿಸುವ ರೂಢಿ ಯಾವುದಾದರೂ ಸಮುದಾಯದಲ್ಲಿದ್ದರೆ, ಆ ರೂಪಕ್ಕೆ ಮನೆಮಾತಿನಲ್ಲಿ ಏನೆನ್ನುತ್ತಾರೆ ಎಂಬುದನ್ನೂ ತಿಳಿದವರು ದಯವಿಟ್ಟು ಬರೆಯಬೇಕು.