ಸಿ ಶಾರ್ಪ್: ಅಳೆಯದ ದಿನದ ಮಳೆ ಸೊನ್ನೆಯಾಗಿ ಸೇರುತ್ತಿದೆ, ಸರಾಸರಿ ತಪ್ಪುತ್ತಿದೆ

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಕಾಫಿ ತೋಟದಲ್ಲಿ ದಿನವೂ ಬೆಳಿಗ್ಗೆ ಅಳೆದು ಪುಸ್ತಕದಲ್ಲಿ ಬರೆದಿಡುವ ಮಳೆಯ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಲು ಸಿ ಶಾರ್ಪ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಬರೆಯುತ್ತಿದ್ದೇನೆ. ಜೂನ್ ತಿಂಗಳಲ್ಲಿ ಮಳೆಮಾಪಕದ ಬಾಟಲಿ ಒಡೆದು, ಹೊಸದು ಬರುವವರೆಗೆ ನಾಲ್ಕು ದಿನ ಅಳೆಯಲಾಗಲಿಲ್ಲ. ಆ ಜಾಗ ಖಾಲಿ ಉಳಿಯಬೇಕೆಂದು ‘ಮಳೆ’ ಎಂಬ ಪ್ರಾಪರ್ಟಿಗೆ ‘ಡೆಸಿಮಲ್?’ ಟೈಪ್ ಕೊಟ್ಟು, ಅಳೆಯದ ದಿನಗಳಿಗೆ ನಲ್ (ಬೆಲೆಯೇ ಇಲ್ಲ ಎಂಬ ಗುರುತು) ಇಟ್ಟೆ.

ಮೊದಲು ‘ಮಳೆ.ವ್ಯಾಲ್ಯೂ’ ಎಂದು ಬರೆದಾಗ ಇನ್‌ವ್ಯಾಲಿಡ್ ಆಪರೇಷನ್ ಎಕ್ಸೆಪ್ಷನ್ ಬಂದು ಪ್ರೋಗ್ರಾಮ್ ನಿಂತಿತು. ಅದನ್ನು ‘ಗೆಟ್‌ವ್ಯಾಲ್ಯೂಆರ್‌ಡಿಫಾಲ್ಟ್’ ಎಂದು ಬದಲಿಸಿದ ಮೇಲೆ ಎರರ್ ಹೋಯಿತು, ಆದರೆ ಲೆಕ್ಕ ಕೂಡುತ್ತಿಲ್ಲ. ಅಳೆದ 26 ದಿನಗಳ ಒಟ್ಟು ಮಳೆ 39 ಇಂಚು, ಕೈಲೆಕ್ಕದ ಸರಾಸರಿ 1.5, ತೆರೆಯ ಮೇಲೆ 1.3 ಬರುತ್ತಿದೆ. ಎರಡು ಇಂಚಿಗಿಂತ ಹೆಚ್ಚು ಬಿದ್ದ ದಿನ ‘ಭಾರಿ’, ಉಳಿದದ್ದು ‘ಸಾಧಾರಣ’ ಎಂದು ವಿಂಗಡಿಸಿದರೆ 7 ಮತ್ತು 19 ಬರಬೇಕಾದಲ್ಲಿ 7 ಮತ್ತು 23 ಬರುತ್ತಿದೆ. ತಪ್ಪು ಎಲ್ಲಿದೆ ಎಂದು ದಯವಿಟ್ಟು ತಿಳಿಸಿ.

ಉತ್ತರ:

ನಮಸ್ಕಾರ. ಖಾಲಿ ಜಾಗಕ್ಕೆ ಸೊನ್ನೆ ತುಂಬದೆ ನಲ್ ಇಟ್ಟ ನಿಮ್ಮ ಮೊದಲ ನಿರ್ಧಾರ ಸರಿಯಾದದ್ದು. ಆಮೇಲೆ ಎರರ್ ತಪ್ಪಿಸುವ ಅವಸರದಲ್ಲಿ ಅದೇ ಸೊನ್ನೆಯನ್ನು ನೀವೇ ಹಿಂಬಾಗಿಲಿನಿಂದ ಒಳಗೆ ಬಿಟ್ಟುಕೊಂಡಿದ್ದೀರಿ.

2005ರಲ್ಲಿ ಸಿ ಶಾರ್ಪ್ 2.0 ಜೊತೆಗೆ ಬಂದ ‘ಡೆಸಿಮಲ್?’ನಂಥ ನಲ್ಲಬಲ್ (ನಲ್ ಆಗಬಲ್ಲ) ಟೈಪ್ ಒಂದು ಸ್ಟ್ರಕ್ಟ್. ಅದರೊಳಗೆ ಇರುವುದು ಎರಡೇ: ಬೆಲೆ, ಮತ್ತು ಬೆಲೆ ಇದೆಯೋ ಇಲ್ಲವೋ ಎಂದು ಹೇಳುವ ಒಂದು ಬೂಲ್. ‘ವ್ಯಾಲ್ಯೂ’ ಆ ಬೂಲನ್ನು ನೋಡಿ, ಬೆಲೆ ಇಲ್ಲದಿದ್ದರೆ ಎಕ್ಸೆಪ್ಷನ್ ಎಸೆಯುತ್ತದೆ. ‘ಗೆಟ್‌ವ್ಯಾಲ್ಯೂಆರ್‌ಡಿಫಾಲ್ಟ್’ ಹಾಗೆ ಎಚ್ಚರಿಸದೆ ಡೆಸಿಮಲ್‌ನ ಡಿಫಾಲ್ಟ್ ಬೆಲೆಯಾದ ಸೊನ್ನೆಯನ್ನು ಕೊಟ್ಟುಬಿಡುತ್ತದೆ. ಅಳೆಯದ ನಾಲ್ಕು ದಿನಗಳೂ ಹೀಗೆ ಲೆಕ್ಕಕ್ಕೆ ಸೇರಿ, 39ನ್ನು 30ರಿಂದ ಭಾಗಿಸಿದರೆ ಬರುವುದು 1.3.

ಸರಾಸರಿಯನ್ನು ಸರಿಪಡಿಸುವುದು ಸುಲಭ. ಲಿಂಕ್‌ನ (LINQ, ಪಟ್ಟಿಯ ಮೇಲೆ ಲೆಕ್ಕ ಮಾಡುವ ಸಿ ಶಾರ್ಪ್ ಸೌಲಭ್ಯ) ‘ಆವರೇಜ್’ಗೆ ‘ಡೆಸಿಮಲ್?’ ಬೆಲೆಗಳನ್ನು ಹಾಗೆಯೇ ಕೊಡಿ. ಅದು ನಲ್‌ಗಳನ್ನು ಬಿಟ್ಟು 26ರಿಂದಲೇ ಭಾಗಿಸುತ್ತದೆ.

ವಿಂಗಡಣೆಯಲ್ಲಿ ಮಾತ್ರ ಹೆಚ್ಚು ಎಚ್ಚರ ಬೇಕು. ಅಲ್ಲಿ ‘ಗೆಟ್‌ವ್ಯಾಲ್ಯೂಆರ್‌ಡಿಫಾಲ್ಟ್’ ತೆಗೆದು ‘ಮಳೆ > 2’ ಎಂದಷ್ಟೇ ಬರೆದರೂ ಕಂಪೈಲರ್ ಒಪ್ಪಿಕೊಳ್ಳುತ್ತದೆ, ಆದರೂ ಉತ್ತರ 23 ಆಗಿಯೇ ಉಳಿಯುತ್ತದೆ. ಹೋಲಿಕೆಯ ಒಂದು ಬದಿ ನಲ್ ಆಗಿದ್ದರೆ ‘>’, ‘<’, ‘>=’, ‘<=’ ನಾಲ್ಕೂ ಫಾಲ್ಸ್ ಕೊಡುವುದರಿಂದ ಅಳೆಯದ ದಿನ ನೇರವಾಗಿ ‘ಎಲ್ಸ್’ (ಇಲ್ಲದಿದ್ದರೆ) ಕಡೆಗೆ ಜಾರುತ್ತದೆ. ‘ಎರಡಕ್ಕಿಂತ ಹೆಚ್ಚಲ್ಲ’ ಎಂದರೆ ‘ಎರಡು ಅಥವಾ ಕಡಿಮೆ’ ಎಂಬ ನಮ್ಮ ಶಾಲೆಯ ಗಣಿತ ಇಲ್ಲಿ ನಡೆಯುವುದಿಲ್ಲ. ಆದ್ದರಿಂದ ಮೊದಲು ‘ಮಳೆ.ಹ್ಯಾಸ್‌ವ್ಯಾಲ್ಯೂ’ ಪರೀಕ್ಷಿಸಿ, ಇಲ್ಲದಿದ್ದರೆ ‘ಅಳೆದಿಲ್ಲ’ ಎಂಬ ಮೂರನೆಯ ಗುಂಪಿಗೆ ಹಾಕಿ, ಇದ್ದರೆ ಮಾತ್ರ ಹೋಲಿಸಿ.

ಇನ್ನೊಂದು ಮಾತು. ಬಾಟಲಿ ಒಡೆಯದೆ, ಬರೆಯುವವರು ಮಾತ್ರ ಬಂದಿರದಿದ್ದರೆ ಆ ದಿನಗಳ ನೀರು ಮುಂದಿನ ಅಳತೆಯಲ್ಲಿ ಸೇರಿರುತ್ತಿತ್ತು. ಆಗ 30ರಿಂದ ಭಾಗಿಸುವುದೇ ಸರಿಯಾಗುತ್ತಿತ್ತು. ನಲ್ ಏಕೆ ಬಂತು ಎಂಬುದನ್ನು ಟೈಪ್ ಹೇಳುವುದಿಲ್ಲವಾದ್ದರಿಂದ ಕಾರಣಕ್ಕೂ ಒಂದು ಕಾಲಂ ಇಡಿ.

ಮರುಪ್ರಶ್ನೆ:

ತುಂಬ ಧನ್ಯವಾದ. ಸರಾಸರಿ 1.5 ಬಂತು, ವಿಂಗಡಣೆ 7, 19, 4 ಎಂದು ಪುಸ್ತಕಕ್ಕೆ ಸರಿಹೊಂದಿತು. ಜುಲೈನಿಂದ ಎರಡು ಹೊತ್ತು ಅಳೆಯುತ್ತಿದ್ದೇವೆ. ದಿನದ ಮೊತ್ತಕ್ಕೆ ‘ಬೆಳಿಗ್ಗೆ + ಸಂಜೆ ?? 0’ ಎಂದು ಬರೆದೆ. ಬೆಳಿಗ್ಗೆ 1.20 ಇದ್ದು ಸಂಜೆ ಖಾಲಿ ಇದ್ದ ದಿನ ಮೊತ್ತ ಸೊನ್ನೆ ಬರುತ್ತಿದೆ.

ಉತ್ತರ:

ಎಡಬದಿ ನಲ್ ಆದರೆ ಬಲಬದಿಯ ಬೆಲೆ ಕೊಡುವ ‘??’ಗಿಂತ ‘+’ಗೆ ಆದ್ಯತೆ ಹೆಚ್ಚು. ಆದ್ದರಿಂದ ಮೊದಲು ಕೂಡಿಕೆ ನಡೆದು, ಒಂದು ಬದಿ ನಲ್ ಆದ ಕಾರಣ ಮೊತ್ತವೇ ನಲ್ ಆಗಿ, ಆಮೇಲೆ ಅದು ಸೊನ್ನೆಯಾಯಿತು. ಬೆಳಗಿನ ಒಂದು ಇಂಚು ಇಪ್ಪತ್ತು ಸೆಂಟ್ಸ್ (ಇಂಚಿನ ನೂರನೇ ಭಾಗ) ಹೀಗೆ ಕಳೆದುಹೋಯಿತು. ‘(ಬೆಳಿಗ್ಗೆ ?? 0) + (ಸಂಜೆ ?? 0)’ ಎಂದು ಆವರಣ ಹಾಕಿ. ಆದರೆ ಎರಡೂ ಹೊತ್ತು ಅಳೆಯದ ದಿನ ಇದೂ ಸೊನ್ನೆಯನ್ನೇ ಕೊಡುತ್ತದೆ. ಅದಕ್ಕೆ ಮೊದಲು ಎರಡೂ ನಲ್ ಆಗಿವೆಯೇ ಎಂದು ನೋಡಿ, ಹಾಗಿದ್ದರೆ ಮೊತ್ತವನ್ನೂ ನಲ್ ಆಗಿಯೇ ಬಿಡಿ.

ತಿಂಗಳ ಮೊತ್ತಕ್ಕೆ ಲಿಂಕ್‌ನ ‘ಸಮ್’ ಬಳಸುವಾಗಲೂ ಇದೇ ಎಚ್ಚರ ಇರಲಿ. ಅದರ ಫಲಿತದ ಟೈಪ್ ‘ಡೆಸಿಮಲ್?’ ಆಗಿದ್ದರೂ ಎಲ್ಲ ಬೆಲೆಗಳೂ ನಲ್ ಆದಾಗ ಅದು ಸೊನ್ನೆ ಕೊಡುತ್ತದೆ, ‘ಆವರೇಜ್’ ಮಾತ್ರ ನಲ್ ಕೊಡುತ್ತದೆ. ಇಡೀ ತಿಂಗಳು ಅಳೆಯದಿದ್ದರೆ ವರದಿಯಲ್ಲಿ ಮಳೆಯೇ ಬಂದಿಲ್ಲವೆಂದು ಕಾಣದಿರಲು, ಕೂಡುವ ಮೊದಲು ‘ಎನಿ’ ಬಳಸಿ ಒಂದಾದರೂ ಅಳತೆ ಇದೆಯೇ ಎಂದು ಕೇಳಿಕೊಳ್ಳಿ.

ಪ್ರಶ್ನಿಸಿದವರು:

ಎರಡನ್ನೂ ಸೇರಿಸಿದೆ. ಜುಲೈ 9ರಂದು ಎರಡೂ ಹೊತ್ತು ಖಾಲಿ ಇತ್ತು; ಆ ಸಾಲಿನಲ್ಲಿ ಈಗ ‘ಅಳೆದಿಲ್ಲ’ ಎಂದು ಬರುತ್ತಿದೆ.